ಗಾಲಿತ ಜಲವೂ ಶೋಧಕ ಯಂತ್ರವೂ: ಶ್ರಾವಕನ ಮನೆಗೆ ಯಾವ ನೀರು?

(ಹೊರನಾಡ ಜೈನ ಕನ್ನಡಿಗ ಕುಟುಂಬಗಳ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ಜೈನ ಕುಟುಂಬಗಳ ಅಡುಗೆಮನೆಯಲ್ಲಿ ಇಂದು ಎರಡು ವಸ್ತುಗಳು ಅಕ್ಕಪಕ್ಕದಲ್ಲಿವೆ. ಒಂದು, ಊರಿನಿಂದ ಹೊರಟಾಗ ತಾಯಿಯೋ ಅತ್ತೆಯೋ ಪಾತ್ರೆಗಳ ಜೊತೆಗೆ ಕಟ್ಟಿಕೊಟ್ಟ ನೀರು ಸೋಸುವ ಬಟ್ಟೆ. ಇನ್ನೊಂದು, ಗೋಡೆಗೆ ತೂಗುಹಾಕಿದ ನೀರಿನ ಯಂತ್ರ. ಬಟ್ಟೆಗೆ ಶಾಸ್ತ್ರದ ಆಧಾರವಿದೆ, ಯಂತ್ರಕ್ಕೆ ಜಾಹೀರಾತಿನ ಆಧಾರವಿದೆ. ಇವೆರಡರ ನಡುವೆ ನಿಂತ ಗೃಹಸ್ಥನು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾನೆ. ಯಂತ್ರ ಬಂದ ಮೇಲೆ ಗಾಲನದ ಗೊಡವೆಯೇಕೆ ಎಂದು ಬಟ್ಟೆಯನ್ನು ಮಡಿಸಿ ಒಳಗಿಡುವುದು ಒಂದು ತಪ್ಪು. ಹಿರಿಯರು ಸೋಸಿದ ನೀರನ್ನೇ ಕುಡಿದು ನೂರು ವರ್ಷ ಬಾಳಿದರು ಎಂದು ಮಹಾನಗರದ ನಲ್ಲಿನೀರನ್ನು ಬರಿಯ ಬಟ್ಟೆಯಲ್ಲಿ ಸೋಸಿ ಮಕ್ಕಳಿಗೆ ಕುಡಿಸುವುದು ಇನ್ನೊಂದು ತಪ್ಪು. ಮೊದಲನೆಯದರಲ್ಲಿ ಧರ್ಮದ ಅರ್ಥ ಮರೆಯಾಗುತ್ತದೆ. ಎರಡನೆಯದರಲ್ಲಿ ಮನೆಯವರ ಆರೋಗ್ಯ ಕೆಡುತ್ತದೆ. ಈ ಎರಡಕ್ಕೂ ಸಿಲುಕದೆ ಮನೆಗೆ ತಕ್ಕ ನೀರಿನ ವ್ಯವಸ್ಥೆಯನ್ನು ಆಯ್ದುಕೊಳ್ಳುವ ಬಗೆ ಯಾವುದು ಎಂಬುದೇ ಇಂದಿನ ವಿಷಯ.

ಗಾಲನದ ಅರ್ಥ

ನೀರನ್ನು ಸೋಸುವುದು ಜೈನ ಗೃಹಸ್ಥಾಚಾರದಲ್ಲಿ ಅಡುಗೆಮನೆಯ ರೂಢಿಯಷ್ಟೇ ಅಲ್ಲ. ಶ್ರಾವಕನ ಐವತ್ತಮೂರು ಕ್ರಿಯೆಗಳಲ್ಲಿ ಜಲಗಾಲನವೂ ಒಂದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ತಮ್ಮ ‘ಸಾಗಾರಧರ್ಮಾಮೃತ’ದಲ್ಲಿ ಅಷ್ಟಮೂಲಗುಣಗಳ ಒಂದು ಪಟ್ಟಿಯನ್ನು ಕೊಡುವಾಗ ಮದ್ಯ, ಮಾಂಸ, ಮಧುಗಳ ತ್ಯಾಗದ ಜೊತೆಯಲ್ಲಿಯೇ ಜಲಗಾಲನವನ್ನೂ ಸೇರಿಸಿದ್ದಾರೆ. ನೀರು ಸೋಸುವ ಕೆಲಸಕ್ಕೆ ಮಾಂಸತ್ಯಾಗದ ಪಕ್ಕದಲ್ಲಿ ಸ್ಥಾನ ದೊರೆತಿದೆ ಎಂದರೆ ಅದರ ತೂಕ ಎಷ್ಟೆಂಬುದು ತಿಳಿಯುತ್ತದೆ.

ಆ ವಿಧಿಯ ವಿವರಗಳನ್ನು ನೋಡಿದರೆ ಅದರಲ್ಲಿರುವ ಎಚ್ಚರ ಬೆರಗು ಹುಟ್ಟಿಸುತ್ತದೆ. ಬಟ್ಟೆ ದಪ್ಪವಾಗಿರಬೇಕು, ಸೂರ್ಯನ ಬೆಳಕು ನೇರವಾಗಿ ತೂರಿ ಬರಬಾರದು, ಮೂವತ್ತಾರು ಅಂಗುಲ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲವಿರಬೇಕು, ಅದನ್ನು ಎರಡು ಪದರಾಗಿ ಮಡಿಸಬೇಕು. ಸೋಸಿದ ನೀರಿಗೂ ಕಾಲಮಿತಿಯಿದೆ: ಒಂದು ಮುಹೂರ್ತ, ಎಂದರೆ ಎರಡು ಘಳಿಗೆ ಅಥವಾ 48 ನಿಮಿಷ. ಆಮೇಲೆ ಮತ್ತೆ ಸೋಸಬೇಕು. ಚೆನ್ನಾಗಿ ಕುದಿಸಿದ ನೀರಿಗೆ ಇಪ್ಪತ್ತನಾಲ್ಕು ಗಂಟೆಯ ಅವಧಿ. ಎಲ್ಲಕ್ಕಿಂತ ಮುಖ್ಯವಾದುದು ಕೊನೆಯ ಹಂತ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದ ಮೆಲ್ಲನೆ ತೊಳೆದು, ಆ ‘ಜೀವಾಣಿ’ಯನ್ನು ನೀರು ತಂದ ಮೂಲಕ್ಕೇ ಮರಳಿಸಬೇಕು. ಬಾವಿಯ ನೀರಾದರೆ ಅದೇ ಬಾವಿಗೆ, ಅದೂ ಮೇಲಿನಿಂದ ಸುರಿಯದೆ, ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಬಿಡಬೇಕು. ಒಂದು ಜಲಾಶಯದ ಜೀವಿ ಇನ್ನೊಂದು ಜಲಾಶಯದಲ್ಲಿ ಬದುಕಲಾರದು ಎಂಬ ತಿಳಿವು ಈ ನಿಯಮದ ಹಿಂದಿದೆ.

ಈ ವಿಧಿಯಲ್ಲಿ ನಾಲ್ಕು ತತ್ತ್ವಗಳು ಅಡಗಿವೆ. ನೀರಿನ ಮೂಲವನ್ನು ಅರಿತಿರುವುದು, ಬೇಕಾದಷ್ಟನ್ನೇ ತೆಗೆಯುವುದು, ಹಳತಾಗಲು ಬಿಡದೆ ಬಳಸುವುದು, ಉಳಿದುದನ್ನು ಹೊಣೆಯರಿತು ಹಿಂದಿರುಗಿಸುವುದು. ಇಂದಿನ ಯಂತ್ರವನ್ನು ಅಳೆಯಲು ಇವೇ ನಾಲ್ಕು ತತ್ತ್ವಗಳು ಸಾಕು. ಯಂತ್ರ ಹೊಸದಾದರೂ ಒರೆಗಲ್ಲು ಹಳೆಯದೇ ಆಗಿರಲಿ.

ಬಟ್ಟೆಯ ಬಲ, ಬಟ್ಟೆಯ ಮಿತಿ

ಗಾಲನವನ್ನು ಮೂಢನಂಬಿಕೆ ಎಂದು ನಗುವವರಿಗೆ ಎರಡು ಸಂಗತಿಗಳನ್ನು ಹೇಳಬೇಕು. ಕಾಲರಾ ರೋಗದ ವಿಬ್ರಿಯೋ ಸೂಕ್ಷ್ಮಾಣುಗಳು ಕೆರೆಯ ನೀರಿನಲ್ಲಿರುವ ಕೋಪೆಪಾಡ್ ಎಂಬ ಸಣ್ಣ ಜಲಜೀವಿಗಳ ಮೈಗೆ ಅಂಟಿಕೊಂಡಿರುತ್ತವೆ. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರಾಗಿ ಮಡಿಸಿ ನೀರು ಸೋಸುವ ಕ್ರಮವನ್ನು ಕಲಿಸಿ ಪರೀಕ್ಷಿಸಿದರು. ಆ ಹಳ್ಳಿಗಳಲ್ಲಿ ಕಾಲರಾ ಪ್ರಕರಣಗಳು ಶೇಕಡ 48ರಷ್ಟು ಇಳಿದುವೆಂದು 2003ರಲ್ಲಿ ಅವರು ಪ್ರಕಟಿಸಿದರು. ಎರಡನೆಯದು ನಾರುಹುಣ್ಣಿನ ಕಥೆ. ಈ ಹುಳುವಿನ ಮರಿಗಳನ್ನು ಹೊತ್ತು ತಿರುಗುವ ಸೈಕ್ಲಾಪ್ಸ್ ಎಂಬ ಜಲಜೀವಿಯನ್ನು ಬಟ್ಟೆಯೇ ತಡೆಯಬಲ್ಲುದು. ರೋಗದ ನಿರ್ಮೂಲನ ಕಾರ್ಯಕ್ರಮದಲ್ಲಿ ನೀರು ಸೋಸುವ ಬಟ್ಟೆಗೆ ದೊಡ್ಡ ಪಾತ್ರವಿತ್ತು. ಭಾರತದ ಕೊನೆಯ ಪ್ರಕರಣ 1996ರಲ್ಲಿ ವರದಿಯಾಯಿತು. 2000ದಲ್ಲಿ ದೇಶವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. ಜೀವದಯೆಗಾಗಿ ಹಿಡಿದ ಬಟ್ಟೆ ಹಿಡಿದವರ ಜೀವವನ್ನೂ ಕಾಯ್ದಿದೆ.

ಆದರೆ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಹಲವು ಪದರಾಗಿ ಮಡಿಸಿದ ಸೀರೆಯ ಕಿಂಡಿಯೂ ಸುಮಾರು 20 ಮೈಕ್ರಾನ್ ಇರುತ್ತದೆ. ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾದ ಗಾತ್ರ ಒಂದೆರಡು ಮೈಕ್ರಾನ್. ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್ ಎ ವೈರಸ್ ಅದಕ್ಕಿಂತ ಹತ್ತಾರು ಪಟ್ಟು ಚಿಕ್ಕದು. ನೀರಿನಲ್ಲಿ ಕರಗಿದ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳಿಗೆ ಬಟ್ಟೆ ಇದ್ದೂ ಇಲ್ಲದಂತೆಯೇ. ಗಾಲನದ ವಿಧಿ ರೂಪುಗೊಂಡ ಕಾಲದಲ್ಲಿ ಒಳಚರಂಡಿಯ ಕೊಳವೆಯೂ ಕುಡಿಯುವ ನೀರಿನ ಕೊಳವೆಯೂ ಒಂದೇ ರಸ್ತೆಯಡಿ ಹಾದುಹೋಗುತ್ತಿರಲಿಲ್ಲ. ಇಂದು ಹೋಗುತ್ತವೆ. ಆದ್ದರಿಂದ ಶಾಸ್ತ್ರವನ್ನು ಗೌರವಿಸುವವರು ಶಾಸ್ತ್ರಕಾರರು ಕಾಣದ ಅಪಾಯಕ್ಕೆ ಶಾಸ್ತ್ರದ ಹೆಸರಿನಲ್ಲಿ ಕಣ್ಣು ಮುಚ್ಚಬಾರದು.

ಯಂತ್ರಕ್ಕೆ ಮೊದಲು ನೀರನ್ನು ಅರಿಯಬೇಕು

ರೋಗ ತಿಳಿಯದೆ ಮದ್ದು ಕೊಳ್ಳುವವರಿಲ್ಲ. ನೀರಿನ ವಿಷಯದಲ್ಲಿ ಮಾತ್ರ ಬಹುಪಾಲು ಮನೆಗಳು ನೀರನ್ನು ಪರೀಕ್ಷಿಸದೆಯೇ ಯಂತ್ರವನ್ನು ಕೊಳ್ಳುತ್ತವೆ. ಪಕ್ಕದ ಮನೆಯವರು ಯಾವುದನ್ನು ಹಾಕಿಸಿದರೋ ಅದು. ಸಿನಿಮಾ ನಟಿ ಯಾವುದನ್ನು ತೋರಿಸಿದಳೋ ಅದು.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡವಿದೆ, ಐಎಸ್ 10500 ಎಂಬುದು ಅದರ ಸಂಖ್ಯೆ. ಅದರ ಪ್ರಕಾರ ಕರಗಿದ ಒಟ್ಟು ಘನಪದಾರ್ಥ, ಎಂದರೆ ಟಿಡಿಎಸ್, ಲೀಟರಿಗೆ 500 ಮಿ.ಗ್ರಾಂ. ವರೆಗೆ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಅನುಮತಿಯಿದೆ. ಗಡಸುತನಕ್ಕೆ ಈ ಅಂಕಿಗಳು 200 ಮತ್ತು 600. ಫ್ಲೋರೈಡಿಗೆ 1 ಮತ್ತು 1.5. ನೈಟ್ರೇಟಿಗೆ 45, ಅದರಲ್ಲಿ ರಿಯಾಯಿತಿಯಿಲ್ಲ. ಮಲಮೂಲದ ಇ-ಕೋಲೈ ಬ್ಯಾಕ್ಟೀರಿಯಾ 100 ಮಿ.ಲೀ. ನೀರಿನಲ್ಲಿ ಒಂದೂ ಕಾಣಬಾರದು.

ಯಂತ್ರ ಮಾರುವವರು ಜೇಬಿನಿಂದ ತೆಗೆಯುವ ಪುಟ್ಟ ಟಿಡಿಎಸ್ ಮೀಟರು ಈ ಪಟ್ಟಿಯ ಒಂದೇ ಸಾಲನ್ನು ಓದುತ್ತದೆ, ಅದನ್ನೂ ನೀರಿನ ವಿದ್ಯುತ್ ವಾಹಕತೆಯಿಂದ ಅಂದಾಜು ಮಾಡಿ. ಚರಂಡಿಯ ನೀರು ಬೆರೆತು ಕೋಟ್ಯಂತರ ಬ್ಯಾಕ್ಟೀರಿಯಾ ಇರುವ ನೀರಿನಲ್ಲಿ ಅದು 120 ತೋರಿಸಬಹುದು. ಯಾವ ದೋಷವೂ ಇಲ್ಲದ ಬಾವಿಯ ನೀರಿನಲ್ಲಿ 400 ತೋರಿಸಬಹುದು. ಸಂಖ್ಯೆ ಕಡಿಮೆಯಾದಷ್ಟೂ ನೀರು ಶುದ್ಧ ಎಂಬುದು ವ್ಯಾಪಾರದ ಮಾತು. ಇನ್ನೊಂದು ಪ್ರದರ್ಶನವೂ ಮನೆಮನೆಗೆ ಬರುತ್ತದೆ. ಎರಡು ಲೋಟಗಳಲ್ಲಿ ನಲ್ಲಿನೀರನ್ನೂ ಯಂತ್ರದ ನೀರನ್ನೂ ಇಟ್ಟು, ವಿದ್ಯುತ್ತಿಗೆ ಜೋಡಿಸಿದ ಕಡ್ಡಿಗಳನ್ನು ಅದ್ದುತ್ತಾರೆ. ನಲ್ಲಿನೀರು ಕ್ಷಣದಲ್ಲಿ ಕೆಂಪು-ಕಂದು ಬಣ್ಣಕ್ಕೆ ತಿರುಗುತ್ತದೆ, ಮನೆಯವರು ಬೆಚ್ಚಿಬೀಳುತ್ತಾರೆ. ಆ ಬಣ್ಣ ನೀರಿನ ಕೊಳೆಯಲ್ಲ. ಕಡ್ಡಿಯ ಕಬ್ಬಿಣವೇ ಕರಗಿ ಬಿಟ್ಟ ತುಕ್ಕು. ಲವಣವಿರುವ ನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಲವಣ ತೆಗೆದ ನೀರು ಗೊಡುವುದಿಲ್ಲ, ವ್ಯತ್ಯಾಸ ಅಷ್ಟೆ. ಸತ್ಯಾಣುವ್ರತವನ್ನು ಪಾಲಿಸುವ ವ್ಯಾಪಾರಿ ಕುಟುಂಬಗಳು ಈ ಸಮಾಜದಲ್ಲಿ ಬಹಳವಿವೆ; ಇಂಥ ಕಣ್ಕಟ್ಟನ್ನು ಗುರುತಿಸುವುದು ಅವರಿಗೆ ಕಷ್ಟವಾಗಬಾರದು.

ಸರಿಯಾದ ದಾರಿ ಎಂದರೆ ಎನ್‌ಎಬಿಎಲ್ ಮಾನ್ಯತೆಯಿರುವ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸುವುದು. ಪಿಎಚ್, ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಆರ್ಸೆನಿಕ್, ಕೋಲಿಫಾರ್ಮ್ ಮತ್ತು ಇ-ಕೋಲೈ, ಇಷ್ಟನ್ನು ಕೇಳಿದರೆ ಸಾಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ನಿರ್ಜೀವೀಕರಿಸಿದ ಸೀಸೆಯಲ್ಲಿ ನೀರು ಹಿಡಿದು ಅದೇ ದಿನ ತಲುಪಿಸಬೇಕು. ನೂರು ಮನೆಗಳ ಸೊಸೈಟಿ ಒಟ್ಟಾಗಿ ಮಾಡಿಸಿದರೆ ಒಂದೊಂದು ಮನೆಗೆ ಬೀಳುವ ಖರ್ಚು ನಗಣ್ಯ. ಮಾದರಿಗಳನ್ನು ಎರಡು ಕಡೆ ತೆಗೆಯಬೇಕು: ಪಾಲಿಕೆಯ ನೀರು ಸಂಪಿಗೆ ಬೀಳುವಲ್ಲಿ ಒಂದು, ಅಡುಗೆಮನೆಯ ನಲ್ಲಿಯಲ್ಲಿ ಇನ್ನೊಂದು. ಮೊದಲನೆಯದು ಶುದ್ಧವಾಗಿದ್ದು ಎರಡನೆಯದು ಕೆಟ್ಟಿದ್ದರೆ ದೋಷ ಪಾಲಿಕೆಯದಲ್ಲ, ಕಟ್ಟಡದ ಟ್ಯಾಂಕಿನದು.

ಊರಿಗೊಂದು ನೀರು

ಮುಂಬಯಿಯ ನೀರು ತಾನಸಾ, ಭಾತಸಾ, ವೈತರಣಾ, ವಿಹಾರ, ತುಳಸಿ ಮುಂತಾದ ಏಳು ಸರೋವರಗಳಿಂದ ಬರುತ್ತದೆ. ಮಳೆನೀರು ನಿಂತ ಈ ಜಲಾಶಯಗಳಲ್ಲಿ ಲವಣ ಕಡಿಮೆ. 2019ರ ನವೆಂಬರಿನಲ್ಲಿ ಮಾನಕ ಬ್ಯೂರೋ 21 ನಗರಗಳ ನಲ್ಲಿನೀರನ್ನು ಪರೀಕ್ಷಿಸಿದ ಫಲಿತಾಂಶ ಹೊರಬಂದಾಗ ಮುಂಬಯಿಯ ಹತ್ತೂ ಮಾದರಿಗಳು ತೇರ್ಗಡೆಯಾಗಿದ್ದವು. ದೆಹಲಿಯ ಹನ್ನೊಂದೂ ಮಾದರಿಗಳು ಸೋತಿದ್ದವು. ದೆಹಲಿ ಸರ್ಕಾರ ಆ ಫಲಿತಾಂಶವನ್ನು ಒಪ್ಪಲಿಲ್ಲ, ಅದೊಂದು ರಾಜಕೀಯ ಜಗಳವೇ ಆಯಿತು. ಆದರೂ ಒಂದು ಮಾತು ನಿಜ: ಎರಡು ನಗರಗಳ ನೀರು ಬೇರೆ, ಆದ್ದರಿಂದ ಎರಡು ನಗರಗಳ ಮನೆಗೆ ಒಂದೇ ಯಂತ್ರ ಹೊಂದುವುದಿಲ್ಲ.

ಪುಣೆಗೆ ಖಡಕ್‌ವಾಸ್ಲಾ, ಪಾನಶೇತ್, ವರಸಗಾಂವ್ ಅಣೆಕಟ್ಟೆಗಳ ನೀರು. ಅಲ್ಲಿಯೂ ಮುಖ್ಯ ಚಿಂತೆ ಲವಣದ್ದಲ್ಲ, ರೋಗಾಣುವಿನದು. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಜಿಬಿಎಸ್ ಎಂಬ ನರರೋಗ ಹಲವರನ್ನು ಕಾಡಿದಾಗ ಸಂದೇಹ ಹರಿದದ್ದು ಕಲುಷಿತ ನೀರಿನ ಕಡೆಗೆ. ದಿನದಲ್ಲಿ ಕೆಲವೇ ಗಂಟೆ ನೀರು ಬಿಡುವ ನಗರಗಳಲ್ಲಿ ಈ ಅಪಾಯ ಎಂದಿಗೂ ಇದೆ. ಕೊಳವೆ ಬರಿದಾದಾಗ ಒಳಗಿನ ಒತ್ತಡ ಕುಸಿದು, ಬಿರುಕುಗಳ ಮೂಲಕ ಸುತ್ತಲಿನ ಚರಂಡಿಯ ನೀರನ್ನು ಅದು ಒಳಗೆ ಹೀರಿಕೊಳ್ಳುತ್ತದೆ.

ಚೆನ್ನೈಯಲ್ಲಿ ಒಂದೇ ಮನೆಗೆ ನಾಲ್ಕು ನೀರು: ಪುಳಲ್, ಚೆಂಬರಂಬಾಕ್ಕಂ ಕೆರೆಗಳದ್ದು, ಮೀಂಜೂರು ಮತ್ತು ನೆಮ್ಮೇಲಿಯಲ್ಲಿ ಕಡಲನೀರಿನಿಂದ ಉಪ್ಪು ತೆಗೆದದ್ದು, ಕೊಳವೆಬಾವಿಯದ್ದು, ಟ್ಯಾಂಕರಿನದ್ದು. 2019ರ ಬೇಸಿಗೆಯಲ್ಲಿ ಕೆರೆಗಳೇ ಬತ್ತಿದಾಗ ಟ್ಯಾಂಕರು ಯಾವ ಬಾವಿಯಿಂದ ತುಂಬಿ ಬಂತು ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಹೈದರಾಬಾದಿಗೆ ಕೃಷ್ಣಾ, ಗೋದಾವರಿಗಳ ನೀರು ದೂರದಿಂದ ಬರುತ್ತದೆ. ಆದರೆ ಕೊಳವೆಬಾವಿಯನ್ನೇ ನಂಬಿದ ಹೊಸ ಬಡಾವಣೆಗಳಲ್ಲಿ ಫ್ಲೋರೈಡ್ ಪರೀಕ್ಷೆ ಕಡ್ಡಾಯವೆಂದೇ ತಿಳಿಯಬೇಕು. ನೆರೆಯ ನಲ್ಗೊಂಡ ಜಿಲ್ಲೆಯಲ್ಲಿ ಫ್ಲೋರೈಡ್ ನೀರು ಎಲುಬುಗಳನ್ನು ಬಗ್ಗಿಸಿದ ಕಥೆ ದೇಶಕ್ಕೆಲ್ಲ ಗೊತ್ತಿದೆ. ದೆಹಲಿಯಲ್ಲಿ ಯಮುನೆಯ ಅಮೋನಿಯಾ ಏರಿದಾಗಲೆಲ್ಲ ಶುದ್ಧೀಕರಣ ಘಟಕಗಳು ಕುಂಟುತ್ತವೆ. ಹಲವೆಡೆ ಅಂತರ್ಜಲ ಉಪ್ಪು.

ಯಾವ ಯಂತ್ರ ಏನು ಮಾಡುತ್ತದೆ

ಹೆಸರುಗಳು ಹಲವಾದರೂ ಒಳಗಿನ ವಿಧಾನಗಳು ಐದೇ.

ಕೆಸರು ಮತ್ತು ಮರಳನ್ನು ಹಿಡಿಯುವ ಸೆಡಿಮೆಂಟ್ ಫಿಲ್ಟರ್ ಮೊದಲನೆಯದು. ಸಕ್ರಿಯ ಇಂಗಾಲ ಎರಡನೆಯದು; ಅದು ಕ್ಲೋರಿನ್ ವಾಸನೆ, ಬಣ್ಣ ಮತ್ತು ಕೆಲವು ಸಾವಯವ ರಾಸಾಯನಿಕಗಳನ್ನು ಹೀರುತ್ತದೆ, ರೋಗಾಣುಗಳನ್ನು ಕೊಲ್ಲುವುದಿಲ್ಲ. ಕಾಲಕಾಲಕ್ಕೆ ಬದಲಿಸದಿದ್ದರೆ ಅದರಲ್ಲಿಯೇ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮೂರನೆಯದು ಯುಎಫ್, ಅತಿಸೂಕ್ಷ್ಮ ಕಿಂಡಿಗಳ ಪೊಳ್ಳು ನೂಲಿನ ಪೊರೆ. ವಿದ್ಯುತ್ತಿಲ್ಲದೆ ನಡೆಯುವ ಮಾದರಿಗಳೂ ಇವೆ. ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಅತಿ ಚಿಕ್ಕ ವೈರಸ್ಸನ್ನು ಪೂರ್ಣವಾಗಿ ತಡೆಯುವ ಭರವಸೆಯಿಲ್ಲ, ಲವಣವನ್ನು ಮುಟ್ಟುವುದಿಲ್ಲ. ನಾಲ್ಕನೆಯದು ಯುವಿ, ಎಂದರೆ ನೇರಳಾತೀತ ಬೆಳಕು. ಅದು ಬ್ಯಾಕ್ಟೀರಿಯಾ, ವೈರಸ್ ಎರಡನ್ನೂ ನಿಷ್ಕ್ರಿಯಗೊಳಿಸುತ್ತದೆ, ಆದರೆ ನೀರು ತಿಳಿಯಾಗಿರಬೇಕು. ಕದಡಿದ ನೀರಿನಲ್ಲಿ ರೋಗಾಣು ಕಣದ ಮರೆಯಲ್ಲಿ ಅಡಗುತ್ತದೆ. ದೀಪ ಉರಿಯುತ್ತಿದ್ದರೂ ವರ್ಷವಾಗುವಷ್ಟರಲ್ಲಿ ಅದರ ಶಕ್ತಿ ಕುಂದಿರುತ್ತದೆ.

ಐದನೆಯದು ಆರ್‌ಓ. ಒತ್ತಡದಿಂದ ನೀರನ್ನು ಪೊರೆಯ ಮೂಲಕ ನೂಕಿ ಕರಗಿದ ಲವಣವನ್ನೂ ಬೇರ್ಪಡಿಸುವ ವಿಧಾನ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಉಪ್ಪು, ಇವು ಮಿತಿ ಮೀರಿದಲ್ಲಿ ಮನೆಯ ಮಟ್ಟದಲ್ಲಿ ಇದಕ್ಕೆ ಸಮನಾದುದು ವಿರಳ. ಆದರೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ತೆಗೆದುಬಿಡುತ್ತದೆ; ಖನಿಜವಿಲ್ಲದ ನೀರನ್ನು ದೀರ್ಘಕಾಲ ಕುಡಿಯುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಗಳಲ್ಲಿಯೇ ಆತಂಕ ವ್ಯಕ್ತವಾಗಿದೆ. ಅದರ ದೊಡ್ಡ ದೋಷ ಇನ್ನೊಂದಿದೆ. ಅದನ್ನು ಮುಂದೆ ನೋಡಬೇಕು.

ಇವೆಲ್ಲಕ್ಕೂ ಹಿರಿಯದಾದ ವಿಧಾನ ಕುದಿಸುವುದು. ನೀರು ಕೊತಕೊತನೆ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ರೋಗಾಣುಗಳ ಭಯವಿಲ್ಲ. ಆದರೆ ನೈಟ್ರೇಟ್, ಫ್ಲೋರೈಡ್‌ಗಳು ಕುದಿಯಿಂದ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಸಾಂದ್ರವಾಗುತ್ತವೆ. ಕುದಿಸಿದ ನೀರು ಪ್ರಾಸುಕವಾಗಿರಬಹುದು, ನಿರ್ವಿಷವಾಗಿರಬೇಕೆಂದಿಲ್ಲ.

ಅನರ್ಥದಂಡದ ಪ್ರಶ್ನೆ

ಸಾಮಾನ್ಯ ಮನೆಬಳಕೆಯ ಆರ್‌ಓ ಯಂತ್ರವು ಒಂದು ಲೀಟರ್ ನೀರು ಕೊಡಲು ಸುಮಾರು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತದೆ. ನಾಲ್ವರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ ಚರಂಡಿಗೆ ಹೋಗುವುದು 60 ಲೀಟರ್. ವರ್ಷಕ್ಕೆ 21,900 ಲೀಟರ್. ನೂರು ಮನೆಗಳ ಕಟ್ಟಡದಲ್ಲಿ ಅದು ಸುಮಾರು 22 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ 219 ಟ್ಯಾಂಕರುಗಳು.

ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ನಲ್ಲಿನೀರಿನ ಟಿಡಿಎಸ್ 150 ಇದ್ದು, ನಾಲ್ಕು ಲೀಟರಿನ ಲವಣವೆಲ್ಲ ಹೊರಚೆಲ್ಲುವ ಮೂರು ಲೀಟರಿಗೆ ಸೇರಿತೆಂದರೂ ಆ ‘ತ್ಯಾಜ್ಯ’ ನೀರಿನ ಟಿಡಿಎಸ್ 200 ಆಗುತ್ತದೆ. ಮಾನದಂಡದ ಮಿತಿ 500. ಎಂದರೆ ಲವಣದ ದೃಷ್ಟಿಯಿಂದ ಕುಡಿಯಲು ಯೋಗ್ಯವಾದ ನೀರನ್ನೇ ಯಂತ್ರ ತ್ಯಾಜ್ಯವೆಂದು ಕರೆದು ಬಚ್ಚಲಿಗೆ ಬಿಡುತ್ತಿದೆ, ಮನೆಯವರು ಅದಕ್ಕಾಗಿ ಹಣವನ್ನೂ ವಿದ್ಯುತ್ತನ್ನೂ ಕೊಡುತ್ತಿದ್ದಾರೆ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆ ಎಂಬ ಒಂದನ್ನು ಹೆಸರಿಸುತ್ತಾರೆ: ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜಕವಾಗಿ ಕದಡುವುದು, ವ್ಯರ್ಥಗೊಳಿಸುವುದು. ಜೈನ ದೃಷ್ಟಿಯಲ್ಲಿ ನೀರು ಜೀವಿಗಳ ನೆಲೆ ಮಾತ್ರವಲ್ಲ. ಅದು ಸ್ವತಃ ಅಪ್ಕಾಯಿಕ ಜೀವಗಳ ಶರೀರ. ಗೃಹಸ್ಥನಿಗೆ ನೀರಿನ ಬಳಕೆಯಲ್ಲಿ ಆರಂಭಹಿಂಸೆ ತಪ್ಪದು. ಆದರೆ ಪ್ರಯೋಜನವಿಲ್ಲದ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ. ಫ್ಲೋರೈಡ್ ಇರುವ ಊರಿನಲ್ಲಿ ಆರ್‌ಓ ನೀರು ಚೆಲ್ಲಿದರೆ ಅದು ಅನಿವಾರ್ಯ. ಮುಂಬಯಿಯ ಸರೋವರದ ನೀರಿಗೆ ಆರ್‌ಓ ಹಾಕಿಸಿದರೆ ಅದು ಪ್ರಮಾದಚರ್ಯೆ. ಚತುರ್ದಶಿಯಂದು ಹಸಿರು ಸೊಪ್ಪನ್ನು ಬಿಡುವ ಮನೆಯಲ್ಲಿ ದಿನವೂ 60 ಲೀಟರ್ ನೀರು ಕಾರಣವಿಲ್ಲದೆ ಹರಿದುಹೋಗುವುದಾದರೆ ವ್ರತದ ಲೆಕ್ಕ ಎಲ್ಲಿಯೋ ತಪ್ಪಿದೆ.

ಶಾಸನದ ಮಾತೂ ಇದಕ್ಕೆ ದೂರವಿಲ್ಲ. ನೀರಿನ ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ಬಳಕೆಯನ್ನು ನಿಷೇಧಿಸಬೇಕೆಂದೂ, ಅನುಮತಿಸಿದಲ್ಲಿ ಕನಿಷ್ಠ ಶೇಕಡ 60ರಷ್ಟು ನೀರು ದಕ್ಕುವಂತೆ ಕಡ್ಡಾಯಗೊಳಿಸಬೇಕೆಂದೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಪರಿಸರ ಸಚಿವಾಲಯಕ್ಕೆ ಆದೇಶಿಸಿತು. ತಯಾರಕರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನಿಯಂತ್ರಣದ ನಿಯಮಗಳು ಹೊರಬರಲು 2023ರವರೆಗೆ ಕಾಯಬೇಕಾಯಿತು. ಈ ನಡುವೆ ಚರಂಡಿ ಸೇರಿದ ನೀರಿಗೆ ಲೆಕ್ಕವಿಟ್ಟವರಿಲ್ಲ. ಕಾನೂನು ತಡವಾಗಿ ಬಂದೀತು. ಅನರ್ಥದಂಡವ್ರತಕ್ಕೆ ಗೆಜೆಟ್ಟಿನ ಅಪ್ಪಣೆ ಬೇಕಿಲ್ಲ.

ಒಂದು ಸೂಕ್ಷ್ಮ ಆಕ್ಷೇಪ

ಯುವಿ ಬೆಳಕು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಯುಎಫ್ ಪೊರೆಯಲ್ಲಿ ಅವು ಸಿಕ್ಕಿ ಸಾಯುತ್ತವೆ, ಹಾಗಿರುವಾಗ ಶ್ರಾವಕನಿಗೆ ಇದು ಹೇಗೆ ಸಲ್ಲುತ್ತದೆ ಎಂಬ ಪ್ರಶ್ನೆ ಬರುವುದುಂಟು. ಪ್ರಶ್ನೆ ಹಗುರವಲ್ಲ. ಆದರೆ ನೀರನ್ನು ಕುದಿಸಿ ಪ್ರಾಸುಕಗೊಳಿಸುವ ಕ್ರಮವನ್ನು ಪರಂಪರೆಯೇ ಒಪ್ಪಿದೆ, ಮುನಿಗಳಿಗೂ ಅಂಥ ನೀರನ್ನೇ ಕೊಡುತ್ತದೆ. ಕುದಿಸುವಲ್ಲಿ ಅಗ್ನಿಕಾಯದ ಹಿಂಸೆಯೂ ಸೇರಿದೆ. ಇಲ್ಲಿ ಪರಂಪರೆ ಹೇಳಿದ ಕ್ರಮ ಮುಖ್ಯ: ಮೊದಲು ಸೋಸು, ಆಮೇಲೆ ಕುದಿಸು. ಬಟ್ಟೆ ಹಿಡಿಯಬಲ್ಲ ತ್ರಸಜೀವಗಳನ್ನು ಮೊದಲು ಬೇರ್ಪಡಿಸಿದ ಬಳಿಕವೇ ಮುಂದಿನ ಹೆಜ್ಜೆ. ಅದೇ ಕ್ರಮವನ್ನು ಯಂತ್ರಕ್ಕೂ ಅನ್ವಯಿಸಬಹುದು. ಸಂಪಿನ ಅಥವಾ ಟ್ಯಾಂಕಿನ ನೀರನ್ನು ದಪ್ಪ ಬಟ್ಟೆಯಲ್ಲಿ ಗಾಲಿಸಿ ಯುಎಫ್ ಪಾತ್ರೆಗೆ ಹಾಕುವುದು ಸುಲಭ. ನೇರ ನಲ್ಲಿಗೆ ಜೋಡಿಸಿದ ಯಂತ್ರವಾದರೆ ಯಂತ್ರದಿಂದ ಬಂದ ನೀರನ್ನು ಬಟ್ಟೆಯಲ್ಲಿ ಹಿಡಿಯುವ ಮನೆಗಳಿವೆ. ಅದು ಸ್ಮರಣೆಗೆ ಒಳ್ಳೆಯದು, ಆದರೆ ಜೀವದಯೆಯ ಕೆಲಸ ಯಂತ್ರಕ್ಕೆ ಮೊದಲು ಆಗಬೇಕು. ಜೀವಾಣಿಯನ್ನು ಮೂಲಕ್ಕೆ ಮರಳಿಸುವುದು ಹದಿನಾಲ್ಕನೆಯ ಮಹಡಿಯಿಂದ ಸಾಧ್ಯವಿಲ್ಲ. ಅದಕ್ಕೆ ಬದಲಾಗಿ ಟ್ಯಾಂಕಿನಲ್ಲಿ ಜೀವೋತ್ಪತ್ತಿಯೇ ಆಗದಂತೆ ಮುಚ್ಚಳ, ಜಾಲರಿ, ಕಾಲಕಾಲದ ಶುಚಿತ್ವ, ಇವನ್ನು ನೋಡಿಕೊಳ್ಳುವುದೇ ಇಂದಿನ ಯತ್ನಾಚಾರ. ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಹುಟ್ಟುವ ಸಂದರ್ಭವನ್ನೇ ತಪ್ಪಿಸುವುದು ಮೇಲು.

ಆಯ್ಕೆಯ ಕ್ರಮ

ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ನಿರ್ಧಾರ ಕಷ್ಟವಲ್ಲ.

ಟಿಡಿಎಸ್ 500ರ ಒಳಗಿದ್ದು ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳು ಮಿತಿಯೊಳಗಿದ್ದರೆ ಇಂಗಾಲದ ಜೊತೆಗೆ ಯುವಿ ಅಥವಾ ಯುಎಫ್ ಸಾಕು. ಮುಂಬಯಿ, ಪುಣೆಗಳ ಪಾಲಿಕೆ ನೀರಿನ ಹೆಚ್ಚಿನ ಮನೆಗಳು ಈ ಗುಂಪಿಗೆ ಸೇರುತ್ತವೆ. ವಿದ್ಯುತ್ ಕೈಕೊಡುವಲ್ಲಿ, ವೃದ್ಧರಿಬ್ಬರೇ ಇರುವ ಮನೆಯಲ್ಲಿ, ಯುಎಫ್ ಮತ್ತು ಕುದಿಸುವಿಕೆ ಎರಡೂ ಸೇರಿದರೆ ಬೇರೇನೂ ಬೇಡ.

ತೊಂದರೆ ಗಡಸುತನದ್ದು ಮಾತ್ರವಾಗಿದ್ದರೆ, ಎಂದರೆ ಪಾತ್ರೆಯಲ್ಲಿ ಬಿಳಿಯ ಪದರು ಕಟ್ಟುವುದು, ಬೇಳೆ ಬೇಯದಿರುವುದು, ಇಡೀ ಕಟ್ಟಡಕ್ಕೆ ಸಾಫ್ಟನರ್ ಹಾಕಿಸುವುದನ್ನು ಸೊಸೈಟಿ ಪರಿಶೀಲಿಸಬೇಕು. ಅದು ಸೋಡಿಯಂ ಬಿಡುತ್ತದೆಯಾದ್ದರಿಂದ ರಕ್ತದೊತ್ತಡದ ರೋಗಿಗಳಿರುವ ಮನೆಯವರು ಕುಡಿಯುವ ನೀರಿನ ಬಗ್ಗೆ ವೈದ್ಯರನ್ನು ಕೇಳುವುದೊಳಿತು.

ಕೊಳವೆಬಾವಿ ಅಥವಾ ಟ್ಯಾಂಕರಿನ ನೀರಿನಲ್ಲಿ ಲವಣ, ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದ್ದರೆ ಆರ್‌ಓ ಬೇಕು. ಆಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ: ನೂರು ಲೀಟರ್ ಒಳಹೋದರೆ ಎಷ್ಟು ಲೀಟರ್ ಕುಡಿಯಲು ಬರುತ್ತದೆ? ಹೆಚ್ಚು ನೀರು ದಕ್ಕಿಸುವ ಮಾದರಿಗೆ ಹೆಚ್ಚು ಹಣ ಕೊಡುವುದು ದಾನಕ್ಕೆ ಸಮಾನ. ಹೊರಬರುವ ನೀರನ್ನು ಪಾತ್ರೆಯಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಉಪ್ಪು ಹೆಚ್ಚಿದ್ದರೆ ಗಿಡಗಳಿಗೆ ಹಾಕಬಾರದು, ಬೇರು ಸುಡುತ್ತದೆ.

ಕೊಂಡ ಮೇಲಿನ ಕೆಲಸ ಕೊಳ್ಳುವುದಕ್ಕಿಂತ ದೊಡ್ಡದು. ಫಿಲ್ಟರ್, ದೀಪ, ಪೊರೆಗಳನ್ನು ಬದಲಿಸಿದ ದಿನಾಂಕವನ್ನು ಯಂತ್ರದ ಮೇಲೆಯೇ ಅಂಟಿಸಿರಬೇಕು. ಯಂತ್ರದ ಬೆಲೆಗಿಂತ ಐದು ವರ್ಷದ ಬಿಡಿಭಾಗಗಳ ಬೆಲೆಯನ್ನು ಮೊದಲು ಕೂಡಿ ನೋಡಬೇಕು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಹದಿನೈದು ದಿನದ ಮೇಲೆ ಬಂದವರು ಯಂತ್ರದ ಒಡಲಿನಲ್ಲಿ ನಿಂತ ನೀರನ್ನು ಪೂರ್ತಿ ಹೊರಬಿಟ್ಟು, ಎರಡು ಬಾರಿ ತುಂಬಿ ಚೆಲ್ಲಿ ಆಮೇಲೆ ಕುಡಿಯಬೇಕು. ಗಾಲಿತ ಜಲಕ್ಕೆ 48 ನಿಮಿಷದ ಮಿತಿ ಹಾಕಿದ ಪರಂಪರೆಯವರು ವಾರಗಟ್ಟಲೆ ನಿಂತ ನೀರನ್ನು ಶುದ್ಧವೆಂದು ಕುಡಿಯುವುದು ಎಂಥ ವಿಪರ್ಯಾಸ!

ಬಸದಿಯ ಅಂಗಳದಲ್ಲಿ

ಈಗ ಸಮಾಜದ ಒಳಗಿನ ಮಾತು. ಬಸದಿಗೆ ಆರ್‌ಓ ಸಹಿತ ನೀರಿನ ಕೂಲರನ್ನು ದಾನ ಕೊಟ್ಟು ಹೆಸರಿನ ಫಲಕ ಹಾಕಿಸುವುದು ಇಂದು ಜನಪ್ರಿಯ ದಾನ. ಫಲಕ ಹಿತ್ತಾಳೆಯದು, ವರ್ಷಗಳು ಕಳೆದರೂ ಹೊಳೆಯುತ್ತದೆ. ಒಳಗಿನ ಪೊರೆಯ ಆಯುಷ್ಯ ಎರಡು ಮೂರು ವರ್ಷ. ಅದನ್ನು ಬದಲಿಸಲು ದಾನಿಗಳಿಲ್ಲ, ಏಕೆಂದರೆ ಪೊರೆಗೆ ಹೆಸರು ಬರೆಸಲಾಗುವುದಿಲ್ಲ. ಹೊಸ ಕೂಲರನ್ನು ಸ್ವೀಕರಿಸುವ ಮೊದಲು ಟ್ರಸ್ಟುಗಳು ಐದು ವರ್ಷದ ನಿರ್ವಹಣೆಯ ಹಣವನ್ನೂ ಸೇರಿಸಿ ಕೇಳಬೇಕು. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಸಾವಿರಾರು ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಹಂಚಿ, ಅರ್ಧ ಕುಡಿದು ಎಸೆದದ್ದನ್ನು ಮರುದಿನ ಗುಡಿಸಿ ಸುಡುವ ಪದ್ಧತಿಯೂ ನಿಲ್ಲಬೇಕು.

ಚಾತುರ್ಮಾಸದಲ್ಲಿ ಮುನಿಸಂಘಗಳ ಆಹಾರಕ್ಕೆ ಬಾವಿಯ ನೀರೇ ಬೇಕೆಂಬ ನಿಯಮವನ್ನು ಶ್ರಾವಕರು ಶ್ರದ್ಧೆಯಿಂದ ಪಾಲಿಸುತ್ತಾರೆ. ಮಹಾನಗರದಲ್ಲಿ ಬಾವಿ ಹುಡುಕಿ, ಬೆಳಗಿನ ಜಾವ ನೀರು ಸೇದಿ, ಗಾಲಿಸಿ, ಕುದಿಸಿ ಚೌಕಕ್ಕೆ ಒಯ್ಯುವ ಶ್ರಾವಿಕೆಯರ ಶ್ರಮ ದೊಡ್ಡದು. ಆದರೆ ಚರಂಡಿಯ ಬಳಿಯ ಬಾವಿಯಲ್ಲಿ ನೈಟ್ರೇಟ್ ಏರಿದ್ದರೆ ಬಟ್ಟೆಯೂ ಕುದಿಯೂ ಅದನ್ನು ತೆಗೆಯಲಾರವು. ದಿನಕ್ಕೊಮ್ಮೆ ಮಾತ್ರ ಆಹಾರ-ನೀರು ಸ್ವೀಕರಿಸುವ ತ್ಯಾಗಿಗಳಿಗೆ ಪರೀಕ್ಷಿಸದ ನೀರನ್ನು ಕೊಡುವುದು ಭಕ್ತಿಯ ಹೆಸರಿನ ಅಲಕ್ಷ್ಯ. ಆಷಾಢಕ್ಕೆ ಮೊದಲೇ ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಚಾತುರ್ಮಾಸ ಸಮಿತಿಯ ಮೊದಲ ಕೆಲಸವಾಗಲಿ.

ಇನ್ನೊಂದು ಮಾತು ಕಹಿಯಾದರೂ ಹೇಳಲೇಬೇಕು. ಕೆಲವು ಮನೆಗಳಲ್ಲಿ ಮನೆಯವರಿಗೆ ಯಂತ್ರದ ನೀರು, ಕೆಲಸದಾಕೆಗೆ ನಲ್ಲಿಯ ನೀರು. ಅದೇ ನಲ್ಲಿಯನ್ನು ಕುಡಿಯಲು ಅಯೋಗ್ಯವೆಂದು ತೀರ್ಮಾನಿಸಿದವರು ಅದನ್ನೇ ಇನ್ನೊಬ್ಬರ ಲೋಟಕ್ಕೆ ಬಗ್ಗಿಸುತ್ತಾರೆ. ಕಣ್ಣಿಗೆ ಕಾಣದ ಜೀವಕ್ಕೆ ಬಟ್ಟೆ ಹಿಡಿಯುವ ಕೈ ಕಣ್ಣೆದುರಿನ ಮನುಷ್ಯಜೀವಕ್ಕೆ ಒಂದು ಲೋಟ ಒಳ್ಳೆಯ ನೀರು ಕೊಡಲಾರದಾದರೆ ಆ ಗಾಲನಕ್ಕೆ ಅರ್ಥವಿಲ್ಲ.

ಗೋಡೆಯ ಯಂತ್ರ ಮತ್ತು ಸರ್ಕಾರದ ಹೊಣೆ

ಮಾಲಿನ್ಯವಿಲ್ಲದ ನೀರು ಮತ್ತು ಗಾಳಿ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಮನೆಮನೆಗೆ ಯಂತ್ರ ಬಂದಂತೆಲ್ಲ ಆ ಹಕ್ಕನ್ನು ಕೇಳುವ ದನಿ ಅಡಗುತ್ತಿದೆ. ಅನುಕೂಲಸ್ಥ ಮಧ್ಯಮವರ್ಗ ತನ್ನ ಅಡುಗೆಮನೆಯಲ್ಲಿ ಒಂದು ಖಾಸಗಿ ಜಲಮಂಡಳಿಯನ್ನು ಸ್ಥಾಪಿಸಿಕೊಂಡಿತು; ಪಾಲಿಕೆಯ ಸದಸ್ಯರಿಗೆ ನಿಶ್ಚಿಂತೆಯಾಯಿತು. ಯಂತ್ರ ಕೊಳ್ಳಲಾರದವರು ಮಾತ್ರ ಆ ಕೊಳವೆಗಳ ನೀರನ್ನೇ ಕುಡಿಯುತ್ತಿದ್ದಾರೆ. ಚುನಾವಣೆಯ ಸಭೆಗಳಲ್ಲಿ ಪ್ರತಿಮೆಗಳ ಎತ್ತರದ ಮಾತು ಬರುತ್ತದೆ, ಕೊಳವೆಗಳ ವಯಸ್ಸಿನ ಮಾತು ಬರುವುದಿಲ್ಲ.

ಆಗದ ಕೆಲಸವೇನೂ ಅಲ್ಲ. ಒಡಿಶಾದ ಪುರಿ 2021ರಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆ ನಲ್ಲಿಯಿಂದಲೇ ಕುಡಿಯಬಲ್ಲ ನೀರನ್ನು ಕೊಡುವ ವ್ಯವಸ್ಥೆಯನ್ನು ಆರಂಭಿಸಿತು. ಲಕ್ಷಾಂತರ ಯಾತ್ರಿಕರು ಬರುವ ಊರಿಗೆ ಸಾಧ್ಯವಾದುದು ದೇಶದ ವಾಣಿಜ್ಯ ರಾಜಧಾನಿಗೂ ರಾಜಧಾನಿಗೂ ಸಾಧ್ಯವಾಗಬೇಕು. ಅಷ್ಟೇ ಅಲ್ಲ, ಐಎಸ್ 10500 ಮಾನದಂಡ ಇಂದಿಗೂ ನಲ್ಲಿನೀರು ಪೂರೈಸುವ ಸಂಸ್ಥೆಗಳಿಗೆ ಕಡ್ಡಾಯವಲ್ಲ. ಬಾಟಲಿ ನೀರು ಮಾರುವವರಿಗೆ ಅವರ ಮಾನದಂಡ ಕಡ್ಡಾಯ. ಹಣ ಕೊಟ್ಟು ಕೊಳ್ಳುವ ನೀರಿಗೆ ಕಾನೂನಿನ ಕಾವಲು, ತೆರಿಗೆ ಕೊಟ್ಟು ಪಡೆಯುವ ನೀರಿಗೆ ಶುಭಹಾರೈಕೆ, ಇದು ಬದಲಾಗಬೇಕು. ಜೈನ ಸಮಾಜ ಸಂಖ್ಯೆಯಲ್ಲಿ ಚಿಕ್ಕದಾದರೂ ಸೊಸೈಟಿಗಳ ಸಮಿತಿಗಳಲ್ಲಿ, ವ್ಯಾಪಾರಿ ಸಂಘಗಳಲ್ಲಿ, ಪಾಲಿಕೆಗಳಲ್ಲಿ ಅದರ ಮಾತಿಗೆ ಬೆಲೆಯಿದೆ. ಆ ಬೆಲೆಯನ್ನು ಮೀಸಲಾತಿಯ ಪ್ರಮಾಣಪತ್ರಕ್ಕೂ ಮೆರವಣಿಗೆಯ ಪರವಾನಗಿಗೂ ಮಾತ್ರ ಖರ್ಚು ಮಾಡದೆ ನಲ್ಲಿಯ ನೀರಿಗೂ ಬಳಸಬಹುದು.

ಕೊನೆಯದಾಗಿ ಮೂರು ಸಂಕಲ್ಪಗಳನ್ನು ಈ ಸಭೆಯ ಮುಂದಿಡಲಾಗಿದೆ. ಮುಂದಿನ ದಶಲಕ್ಷಣ ಪರ್ವದೊಳಗೆ ಪ್ರತಿ ಮನೆಯೂ ತನ್ನ ನೀರನ್ನು ಒಮ್ಮೆ ಪರೀಕ್ಷಿಸಲಿ. ಬೇಡದ ಕಡೆ ಇರುವ ಆರ್‌ಓ ಯಂತ್ರದ ಪೊರೆ ಹಳತಾದಾಗ ಅದನ್ನು ಬದಲಿಸದೆ ಯುವಿ ಅಥವಾ ಯುಎಫ್‌ಗೆ ತಿರುಗಲಿ. ಪ್ರತಿ ಸೊಸೈಟಿಯಲ್ಲಿ ಒಬ್ಬ ಶ್ರಾವಕನೋ ಶ್ರಾವಿಕೆಯೋ ಟ್ಯಾಂಕಿನ ಶುಚಿತ್ವದ ದಿನಾಂಕವನ್ನು ಸೂಚನಾ ಫಲಕದಲ್ಲಿ ಬರೆಯುವ ಹೊಣೆ ಹೊರಲಿ.

ಮಡಿಸಿಟ್ಟ ಬಟ್ಟೆಯನ್ನು ಮತ್ತೆ ಹೊರತೆಗೆಯುವುದು ಯಂತ್ರವನ್ನು ಕಿತ್ತೆಸೆಯುವುದಕ್ಕಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆ ಬಟ್ಟೆ ಕಲಿಸುತ್ತಿತ್ತು. ಆ ಪಾಠ ಮನೆಯಲ್ಲಿ ಉಳಿದರೆ ಸಾಕು.

ಜೈ ಜಿನೇಂದ್ರ.